ಬಂದವರನ್ನು ಹೋಗಗೊಡದ ನಾಯಿ

ಮೊನ್ನೆ ಟ್ರಂಕಿನ ಸೀರೆಗಳಿಗೆ ಬಿಸಿಲು ತೋರಿಸೋಣವೆಂದು ಒಂದೊಂದಾಗಿ ತೆಗೆದು ಹಗ್ಗದ ಮೇಲೆ ಹಾಕುತ್ತಿದ್ದೆ. ತಳದಿಂದ ಹಸಿರು ಇಳಕಲ್ ಸೀರೆ ಬಂತು. ಹರವಿ ನೋಡಿದರೆ ಸೆರಗಿನ ಒಂದು ಮೂಲೆಯೇ ಇಲ್ಲ. ಇಲಿ ಕಡಿದದ್ದಲ್ಲ, ಜಿರಲೆ ತಿಂದದ್ದಲ್ಲ. ಇಷ್ಟು ವರ್ಷಗಳ ಮೇಲೂ ಅದನ್ನು ಕಂಡ ಕೂಡಲೇ ನನ್ನ ಬಾಯಿಂದ "ಹಾಳಾದ ಹಂಡ್ಯಾ" ಎಂದು ಬಂತು. ಆಮೇಲೆ ಶಿವಶಿವಾ ಎಂದುಕೊಂಡೆ. ಸತ್ತುಹೋದ ಪ್ರಾಣಿಯನ್ನು ಬೈಯಬಾರದು. ಅದು ನನ್ನ ಮದುವೆಯ ಸೀರೆಯಾಗಿರಲಿಲ್ಲ ಎಂಬುದೇ ದೇವರ ದಯೆ. ಮದುವೆಯ ಸೀರೆಯನ್ನು ಹಂಡ್ಯಾ ಅದರ ಮುಂದಿನ ವಾರ ಹಿಡಿದಿತ್ತು, ಆದರೆ ಅದು ಹರಿಯಲಿಲ್ಲ. ಅದೂ ದಯೆಯೇ.

ಹಂಡ್ಯಾ ಎಂದರೆ ನಮ್ಮ ಮನೆಯಲ್ಲಿದ್ದ ನಾಯಿ. ಕರಿ ಮೈಯ ಮೇಲೆ ಬಿಳಿ ಪಟ್ಟೆ, ಅಂದರೆ ಹಂಡ ಬಣ್ಣ, ಅದಕ್ಕೆ ಆ ಹೆಸರು. ಜನ ನಾಯಿಯ ಬಗ್ಗೆ ದೂರು ಹೇಳುವಾಗ ಬಂದವರನ್ನೆಲ್ಲ ಕಚ್ಚುತ್ತದೆ, ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಅಂಥ ನಾಯಿ ಇದ್ದವರು ಪುಣ್ಯವಂತರು. ನಮ್ಮದು ಯಾರನ್ನು ಬೇಕಾದರೂ ಒಳಗೆ ಬಿಡುತ್ತಿತ್ತು. ಬಾಲ ಅಲ್ಲಾಡಿಸಿ, ದಾರಿ ಬಿಟ್ಟು, ಮರ್ಯಾದೆಯಿಂದ ಒಳಗೆ ಕಳಿಸುತ್ತಿತ್ತು. ಹೊರಗೆ ಹೋಗಲು ಮಾತ್ರ ಬಿಡುತ್ತಿರಲಿಲ್ಲ.

ಇದು ನಮ್ಮ ಮನೆಗೆ ಬಂದದ್ದು ಹೇಗೆಂದರೆ, ಆ ವರ್ಷ ಮೂಡಲಗಿಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಹಟ್ಟಿ ನಿಲ್ಲಿಸಿದ್ದರು. ಕೌಜಲಗಿಯ ಕಡೆಯ ಕುರುಬ, ಲಕ್ಕಪ್ಪ ಎಂದು ಹೆಸರು, ನೂರಾರು ಕುರಿಗಳನ್ನು ಹೊಲದಲ್ಲಿ ತರುಬಿಕೊಂಡು ವಾರವಿದ್ದ. ಅವನ ನಾಯಿಗಳಲ್ಲಿ ಒಂದರ ಮುಂಗಾಲು ಕಲ್ಲಿನ ಸಂದಿಯಲ್ಲಿ ಸಿಕ್ಕು ಮುರಿದಿತ್ತು. ಕುಂಟ ನಾಯಿ ಕುರಿಯ ಜೊತೆ ಊರೂರು ಹೇಗೆ ನಡೆದೀತು? ಲಕ್ಕಪ್ಪ ಅದನ್ನು ನಮ್ಮ ಅತ್ತೆಯವರ ಅಂಗಳದಲ್ಲಿ ಮಲಗಿಸಿ, "ಯವ್ವಾ, ಇದು ಒಂದೂ ಕುರಿ ಕಳಕೊಂಡದ್ದಲ್ಲರಿ" ಎಂದು ಕಣ್ಣೊರೆಸಿಕೊಂಡು ಹೋದ. ಅದೇ ದೊಡ್ಡ ಗುಣವೆಂದು ನಾವೂ ತಿಳಿದೆವು. ಆ ಮಾತಿನ ಅರ್ಥ ಹದಿನೈದು ದಿನದೊಳಗೆ ತಿಳಿಯಿತು.

ಕಾಲು ಕೂಡಿಕೊಂಡು ಎದ್ದು ಓಡಾಡತೊಡಗಿದ ಮೇಲೆ ಹಂಡ್ಯಾ ನಮ್ಮ ಮನೆಯನ್ನು ಹಟ್ಟಿಯೆಂದು ಹಿಡಿಯಿತು. ಸಂಜೆಯಾದರೆ ನನ್ನ ಎರಡು ಹೆಣ್ಣುಮಕ್ಕಳು, ಆರು ಕೋಳಿ, ಒಂದು ಕರು, ಎಲ್ಲರನ್ನೂ ದನ ಮೇವು ತಿನ್ನುವ ಗೋದಲಿಯ ಮೂಲೆಗೆ ತಂದು ನಿಲ್ಲಿಸುತ್ತಿತ್ತು. ಮಕ್ಕಳಿಗೆ ಇದು ಆಟ. ನನಗೆ ಆಟವಲ್ಲ. ನಾನು ಕೊಡ ಹಿಡಿದು ನೀರಿಗೆ ಹೊರಟರೆ ಸೆರಗು ಹಿಡಿದು ಒಳಕ್ಕೆ ಎಳೆಯುತ್ತಿತ್ತು. ಕಚ್ಚುತ್ತಿರಲಿಲ್ಲ, ಬೊಗಳುತ್ತಿರಲಿಲ್ಲ. ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ನಿಂತುಬಿಡುತ್ತಿತ್ತು, ಅಷ್ಟೆ. ನಾಯಿ ಕಚ್ಚಿದರೆ ಹೊಡೆಯಬಹುದು. ಸೆರಗು ಹಿಡಿದು "ಎಲ್ಲಿಗೆ ಹೋಗುತ್ತೀ" ಎಂಬಂತೆ ನೋಡಿದರೆ ಏನು ಮಾಡುವುದು, ನೀವೇ ಹೇಳಿ. ನಾನು ಹಿತ್ತಲ ಬಾಗಿಲಿನಿಂದ ಕಳ್ಳಿಯ ಹಾಗೆ ನೀರಿಗೆ ಹೋಗುವುದನ್ನು ಕಲಿತೆ.

ಇಬ್ಬರನ್ನು ಮಾತ್ರ ಬಿಡುತ್ತಿತ್ತು. ಒಬ್ಬರು ನಮ್ಮ ಯಜಮಾನರು. ಅವರ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಇರುತ್ತಿದ್ದುದರಿಂದ ಕುರುಬರ ಪೈಕಿ ಎಂದು ಲೆಕ್ಕ ಹಾಕಿತ್ತೋ ಏನೋ. ಇನ್ನೊಬ್ಬರು ನಮ್ಮ ಅತ್ತೆ. ಅವರು ಕಣ್ಣು ಬಿಟ್ಟು ನೋಡಿದರೆ ಸಾಕು, ಹಂಡ್ಯಾ ಬದಿಗೆ ಸರಿಯುತ್ತಿತ್ತು. ಅವರ ಕಣ್ಣಿಗೆ ನಾನೂ ಸರಿದವಳೇ, ಅದರಲ್ಲಿ ನಾಯಿಯದೇನು ಹೆಚ್ಚುಗಾರಿಕೆಯಿಲ್ಲ.

ಉಳಿದವರೆಲ್ಲ ಕುರಿಗಳು. ಹುಕ್ಕೇರಿಯಿಂದ ನನ್ನ ಅಣ್ಣ ಬಂದಿದ್ದ. ಊಟ ಮಾಡಿ, ರೈಲಿಗೆ ಘಟಪ್ರಭೆಗೆ ಹೋಗಬೇಕೆಂದು ಚಕ್ಕಡಿ ಹೂಡಿಸಿ, ಎದ್ದು ನಿಂತ. ಹಂಡ್ಯಾ ಅವನ ಧೋತರದ ಕಚ್ಚೆಯನ್ನು ಹಿಡಿಯಿತು. ಅಣ್ಣ ಗೌರವಸ್ಥ, ಎಳೆದಾಡಿದರೆ ಕಚ್ಚೆ ಬಿಚ್ಚುತ್ತದೆಂದು ಹೆದರಿ ಕಂಬದ ಹಾಗೆ ನಿಂತ. ರೈಲು ಹೋಯಿತು. ನಮ್ಮ ಯಜಮಾನರು ಸಂಜೆ ಹೊಲದಿಂದ ಬಂದು ಅವನನ್ನು ನೋಡಿ, "ಕಳ್ಳ ಬಂದ್ರ ಭಾಳ ಚಲೋ ಆಗತೈತಿ ನೋಡ್ರಿ ಭಾವಾ. ಒಳಗ ಬಂದಾವ ಮುಂಜಾನೆ ಮಟಾ ಇಲ್ಲೇ ಇರ್ತಾನ" ಎಂದರು. ಅಣ್ಣ ನಗಲಿಲ್ಲ. ತವರಿನಲ್ಲಿ ಹೋಗಿ ಏನು ಹೇಳಿದನೋ, ಮುಂದೆ ಒಂದು ವರ್ಷ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ.

ಅಂದಿನಿಂದ ಇಂಥ ಹೊತ್ತಿನಲ್ಲಿ ನಾನು ಮಾಡುತ್ತಿದ್ದ ಉಪಾಯ ಒಂದೇ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಬಾಗಿಲ ಹತ್ತಿರ ಎಸೆಯುವುದು. ರೊಟ್ಟಿಗೆ ಬಾಯಿ ತೆರೆದಾಗ ಬಟ್ಟೆ ಬಿಡುತ್ತಿತ್ತು, ಬಂದವರು ಓಡುತ್ತಿದ್ದರು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ.

ರೊಟ್ಟಿಯ ಮಾತು ಬಂತು, ಒಂದು ವಿಷಯ ಹೇಳಿಯೇ ಮುಂದೆ ಹೋಗಬೇಕು. ಹುಕ್ಕೇರಿಯ ನನ್ನ ತವರಿನಲ್ಲಿ ಅಜ್ಜಿ ಒಲೆಯ ಮುಂದೆ ಕುಳಿತರೆ ಮೊದಲ ರೊಟ್ಟಿ ಜಂಗಮರದು, ಕೊನೆಯ ರೊಟ್ಟಿ ನಾಯಿಯದು. ನಡುವಿನವು ನಮ್ಮವು. ಚಿಕ್ಕವಳಿದ್ದಾಗ ನನಗೆ ಮೊದಲ ರೊಟ್ಟಿಯ ಮೇಲೇ ಕಣ್ಣು, ಯಾಕೆಂದರೆ ಹಂಚು ಆಗಷ್ಟೇ ಕಾದಿದ್ದು ಅದು ಪೂರಿಯ ಹಾಗೆ ಉಬ್ಬುತ್ತಿತ್ತು. ಒಮ್ಮೆ ಅಜ್ಜಿಯ ಕಣ್ಣು ತಪ್ಪಿಸಿ ಅದರ ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಅಜ್ಜಿ ಹೊಡೆಯಲಿಲ್ಲ. "ಇನ್ನ ಈ ರೊಟ್ಟಿ ಯಾರದು ಹೇಳ" ಎಂದಳು. ಮತ್ತಷ್ಟು ಹಿಟ್ಟು ನಾದಿ ಹೊಸದಾಗಿ ಬಡಿದಳು. ಮೊದಲನೆಯದನ್ನು ಎರಡನೆಯ ಸಲ ಮಾಡುವುದು ಹೇಗೆಂದು ನಾನು ಆ ದಿನವೆಲ್ಲ ಯೋಚಿಸಿದ್ದು ನೆನಪಿದೆ.

ಮೂಡಲಗಿಗೆ ಸೊಸೆಯಾಗಿ ಬಂದರೆ ಇಲ್ಲಿ ಅದೇ ನೇಮ ಇನ್ನೂ ಬಿಗಿಯಾಗಿತ್ತು. ನಮ್ಮ ಅತ್ತೆ ಲಿಂಗಪೂಜೆ ಮುಗಿಸಿ, ಮಠದ ಅಯ್ಯನವರು ಬಂದು ಭಿಕ್ಷೆ ತೆಗೆದುಕೊಂಡು ಹೋಗುವ ತನಕ ಬಾಯಿಗೆ ನೀರನ್ನೂ ಹಾಕುತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಹಿಡಿದ ವ್ರತ. ಬಾಣಂತನದಲ್ಲಿಯೂ ಬಿಟ್ಟಿರಲಿಲ್ಲವಂತೆ. ಅಯ್ಯನವರು ಹೊತ್ತು ತಪ್ಪುತ್ತಿರಲಿಲ್ಲ. ಬಿಸಿಲು ಕಟ್ಟೆಯ ಮೊದಲ ಮೆಟ್ಟಿಲಿಗೆ ಬರುವಾಗ ಓಣಿಯ ತುದಿಯಲ್ಲಿ ಅವರ ಜಂಗು ಕೇಳುತ್ತಿತ್ತು. ಜಂಗು ಎಂದರೆ ಜಂಗಮರು ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ಗಂಟೆ. ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ, ಮೈಮೇಲೆ ಕಾವಿ. ಒಳ್ಳೆಯ ಮನುಷ್ಯ, ಮೆತ್ತನೆಯ ಮಾತು. ಅತ್ತೆ ರೊಟ್ಟಿ ನೀಡಿ, ಹೊಸ್ತಿಲಿಗೆ ಹಣೆ ಹಚ್ಚಿ ನಮಸ್ಕಾರ ಮಾಡುವರು. ಅಯ್ಯನವರು ಹೊರಡುವರು. ಅತ್ತೆ ಊಟಕ್ಕೆ ಕೂಡುವರು. ಹಂಡ್ಯಾ ಬರುವ ತನಕ ಇದು ಸೂರ್ಯ ಚಂದ್ರರ ಹಾಗೆ ನಡೆದಿತ್ತು.

ಕುರಿ ಹಿಂಡಿನಲ್ಲಿ ಮುಂದೆ ನಡೆಯುವ ಟಗರಿನ ಕೊರಳಿಗೆ ಗಂಟೆ ಕಟ್ಟಿರುತ್ತಾರೆ. ಗಂಟೆಯ ಟಗರು ಹಟ್ಟಿ ಬಿಟ್ಟು ಹೊರಟಿತೆಂದರೆ ಹಿಂಡೆಲ್ಲ ಅದರ ಬೆನ್ನು ಹತ್ತುತ್ತದೆ. ಹಾಗಾಗಿ ನಾಯಿಯ ಕಣ್ಣು ಎಲ್ಲಕ್ಕಿಂತ ಹೆಚ್ಚಾಗಿ ಅದರ ಮೇಲೆ. ಇನ್ನು ಹೇಳುವುದೇನಿದೆ? ಅಯ್ಯನವರು ಗಂಟೆ ಬಾರಿಸುತ್ತ ಒಳಗೆ ಬಂದಾಗ ಹಂಡ್ಯಾ ಹಿರಿಹಿರಿ ಹಿಗ್ಗಿತು. ಅದೇ ಗಂಟೆ ಬಾಗಿಲ ಕಡೆ ತಿರುಗಿತೋ, ಕಾವಿಯ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಅತ್ತೆಯ ಕಣ್ಣಿಗೆ ಹೆದರುವ ನಾಯಿಯೇನೋ ಹೌದು. ಆದರೆ ಆ ಹೊತ್ತಿನಲ್ಲಿ ಅತ್ತೆಯ ಹಣೆ ನೆಲದ ಮೇಲಿರುತ್ತಿತ್ತು. ಮೊಣಕಾಲು ನೋವು, ಏಳಲು ತಡ. ಅವರು ಎದ್ದು ಕಣ್ಣು ಬಿಡುವುದರೊಳಗೆ ನಾನು ರೊಟ್ಟಿ ಎಸೆದು ಬಿಡಿಸುತ್ತಿದ್ದೆ. ಹೀಗೆ ಒಂದು ತಿಂಗಳು. ಅಯ್ಯನವರು ಮೊದಮೊದಲು ನಕ್ಕರು. ಆಮೇಲೆ ನಗು ಸಣ್ಣದಾಯಿತು. ಆಮೇಲೆ ನಿಂತುಹೋಯಿತು.

ಒಂದು ಸೋಮವಾರ ನಾಯಿ ಅವರನ್ನು ಅಂಗಳದಲ್ಲಿ ಬಿಟ್ಟಂತೆ ಮಾಡಿ, ಹಿಂದೆ ಹೋಗಿ, ಓಣಿಯಲ್ಲಿ ಹಿಡಿಯಿತು. ಎದುರಿನ ಕಟ್ಟೆಯ ಮೇಲೆ ನಾಲ್ಕು ಮಂದಿ ಕುಳಿತಿದ್ದರು. ಅವರ ಕಣ್ಣೆದುರಿಗೆ ಅಯ್ಯನವರನ್ನು ಮೂರು ಸಲ ನಮ್ಮ ಬಾಗಿಲಿಗೆ ಹೊಡೆದುಕೊಂಡು ಬಂತು. ಕಟ್ಟೆಯ ಮೇಲಿಂದ ಒಬ್ಬ, "ಅಯ್ಯಾರ, ಹಟ್ಟಿ ತಪ್ಪಿದ ಟಗರು ಅಂತ ತಿಳಕೊಂಡೈತ್ರಿ ನಿಮ್ಮನ್ನ" ಎಂದ. ಉಳಿದವರು ನಕ್ಕರು. ನಾನು ರೊಟ್ಟಿ ಹಿಡಿದು ಓಡಿದೆ. ಅಯ್ಯನವರು ಕಾವಿ ಕೊಡವಿಕೊಂಡು ಮೆಲ್ಲಗೆ ಹೇಳಿದರು:

"ಪಾರವ್ವಾ, ನಾ ಬರೋದು ಭಿಕ್ಷಾಕ್ಕ. ಕುರಿ ಆಗಾಕಲ್ಲ. ಈ ನಾಯಿ ಇರೂ ಮಟಾ ನಿಮ್ಮ ಹೊಸ್ತಲಾ ತುಳಿಯಂಗಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ಮರುದಿನ ಇಳಿಯುತ್ತದೆ ಎಂದು ತಿಳಿಯಬಹುದಿತ್ತು. ಸಿಟ್ಟಿರಲಿಲ್ಲ.

ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ನೀವು ಹೇಳುತ್ತೀರಿ. ನಾನೂ ಅದನ್ನೇ ಹೇಳಿದೆ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ ನಮ್ಮ ದೂರದವರೊಬ್ಬರು ಒಯ್ಯಲು ತಯಾರೂ ಇದ್ದರು. ಅತ್ತೆ ಒಪ್ಪಲಿಲ್ಲ.

"ಕುಂಟ ಜೀವ, ನಮ್ಮ ಅಂಗಳಕ್ಕ ಬಂದು ಬಿದ್ದೈತಿ. ಅದನ್ನ ಹೊರಗ ಹಾಕಿ ನಾ ಯಾವ ಬಾಯಿಲೆ ಶಿವಾ ಅನ್ನಲಿ?"

"ಹಂಗಾರ ಅಯ್ಯಾರ ಬರಂಗಿಲ್ಲರಿ ಅತ್ತಿ."

"ಅವರು ಬರದಿದ್ರ ನಾ ಹೋಗತೀನಿ."

ಅಲ್ಲಿಗೆ ಮುಗಿಯಿತು. ಅಯ್ಯನವರನ್ನೂ ಬಿಡುವವರಲ್ಲ, ನಾಯಿಯನ್ನೂ ಬಿಡುವವರಲ್ಲ, ವ್ರತವನ್ನಂತೂ ಬಿಡುವವರೇ ಅಲ್ಲ. ಮರುದಿನದಿಂದ ಅತ್ತೆ ಮೊದಲ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಊರ ಆ ತುದಿಯ ಮಠಕ್ಕೆ ನಡೆದು ಹೋಗತೊಡಗಿದರು. ನಾನು ಹೋಗುತ್ತೇನೆಂದರೆ, "ವ್ರತ ನಂದೋ ನಿಂದೋ?" ಎಂದರು. ಯಜಮಾನರು ಚಕ್ಕಡಿ ಹೂಡುತ್ತೇನೆಂದರೆ, "ಭಿಕ್ಷಾ ನೀಡಾಕ ಚಕ್ಕಡ್ಯಾಗ ಹೋಗ್ತಾರೇನೋ?" ಎಂದರು. ಮೊಣಕಾಲು ಊದಿದ ಮುದುಕಿ ಖಾಲಿ ಹೊಟ್ಟೆಯಲ್ಲಿ ಹೋಗಿ, ಬಿಸಿಲೇರಿದ ಮೇಲೆ ತಿರುಗಿ ಬಂದು, ಕಂಬಕ್ಕೆ ಒರಗಿ ಕೂಡುವರು. ದಣಿವಿಗೆ ಹಸಿವು ಸತ್ತು, ಅರ್ಧ ರೊಟ್ಟಿ ಮುರಿದು ಸಾಕೆನ್ನುವರು. ದಿನದಿನಕ್ಕೆ ಅವರ ಬಳೆ ಮೊಣಕೈಯ ಕಡೆ ಸರಿಯುತ್ತಿತ್ತು. ಹಂಡ್ಯಾ ಅವರ ಕಾಲ ಬಳಿ ಮಲಗಿ ಬಾಲ ಬಡಿಯುತ್ತಿತ್ತು.

ನಾಯಿಗೆ ಬುದ್ಧಿ ಕಲಿಸುವುದೊಂದೇ ದಾರಿ ಉಳಿಯಿತು. ಆಗ ತಿಳಿಯಿತು ನನಗೆ, ಮೂಡಲಗಿಯಲ್ಲಿ ನಾಯಿಗೆ ಕಲಿಸಲು ಬಾರದವರು ಯಾರೂ ಇಲ್ಲವೆಂದು. ಕೊರಳಿಗೆ ಕೊರಡು ಕಟ್ಟು ಎಂದರು. ಕುಂಟ ನಾಯಿಗೆ ಕೊರಡು ಕಟ್ಟಿದರೆ ಅತ್ತೆ ನನ್ನ ಕೊರಳಿಗೆ ಕಟ್ಟುತ್ತಿದ್ದರು. ಬಟ್ಟೆಯ ಅಂಚಿಗೆ ಖಾರದ ಪುಡಿ ಹಚ್ಚು ಎಂದರು. ಹಚ್ಚಿ, ಮರೆತು, ಅದೇ ಸೆರಗಿನಿಂದ ಕಣ್ಣೊರೆಸಿಕೊಂಡು ಮಧ್ಯಾಹ್ನವೆಲ್ಲ ಕಣ್ಣೀರಿಟ್ಟೆ. ಕಟ್ಟಿಹಾಕು ಎಂದರು. ಕಟ್ಟಿದರೆ ಹಗ್ಗ ಎಳೆದೆಳೆದು ಮುರಿದ ಕಾಲು ಮತ್ತೆ ಬಾತಿತು, ಅತ್ತೆ ಬಿಚ್ಚಿದರು. ನಮ್ಮ ಯಜಮಾನರು ಕೋಲು ಹಿಡಿದು ಎದುರಿಗೆ ನಿಂತರು. ಅವರಿದ್ದಷ್ಟು ಹೊತ್ತು ಹಂಡ್ಯಾ ಶರಣರ ಹಾಗೆ ಕಣ್ಣು ಮುಚ್ಚಿ ಕುಳಿತಿತು. "ನೋಡ, ಹಿಂಗ ಕಲಿಸಬೇಕ" ಎಂದು ನನಗೆ ಹೇಳಿ ಹೊಲಕ್ಕೆ ಹೋದರು. ಅವರು ಓಣಿ ದಾಟುವುದರೊಳಗೆ ಅದು ಪಕ್ಕದ ಮನೆಯ ನೀಲವ್ವನ ಸೆರಗು ಹಿಡಿದಿತ್ತು. ಹೆಪ್ಪು ಕೇಳಲು ಬಂದವಳು ನಾನು ರೊಟ್ಟಿ ತರುವ ತನಕ ಅಲ್ಲೇ ನಿಂತಳು. ಅವಳಿಗೂ ಒಂದು ರೊಟ್ಟಿ ಖರ್ಚಾಯಿತು. ಅಂದರೆ ಅವಳ ಸಲುವಾಗಿ ನಾಯಿಗೆ.

ಅಷ್ಟರಲ್ಲಿ ಲಕ್ಕಪ್ಪನ ಹಿಂಡು ಮತ್ತೆ ನಮ್ಮೂರ ಮೇಲೆ ಹಾಯ್ದು ಹೋಗುವಾಗ ಅವನು ನಾಯಿಯನ್ನು ನೋಡಲು ಬಂದ. ನಾನು ಅವನಿಗಾಗಿಯೇ ಕಾದವಳ ಹಾಗೆ ಶುರುಮಾಡಿದೆ. ಸೀರೆ ಹೇಳಿದೆ, ಅಣ್ಣನನ್ನು ಹೇಳಿದೆ, ಅಯ್ಯನವರನ್ನು ಹೇಳಿದೆ. ಅವನು ಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿ, ಅಂಬಲಿ ಕುಡಿದು, ಹೋಗುತ್ತೇನೆಂದು ಎದ್ದ. ಹಂಡ್ಯಾ ಅವನ ಧೋತರ ಹಿಡಿಯಲಿಲ್ಲ, ಆದರೆ ಅವನನ್ನು ಕಳಿಸಲು ಬಾಗಿಲಿಗೆ ಬಂದ ನನ್ನ ಸೆರಗು ಹಿಡಿಯಿತು. ನಾನು ರೂಢಿಯಂತೆ ರೊಟ್ಟಿ ಎಸೆದೆ. ಲಕ್ಕಪ್ಪ ಮತ್ತೆ ಕುಳಿತುಬಿಟ್ಟ.

"ಅಕ್ಕಾರ, ಹಿಂಗ ದಿನಾ ಹಾಕತೀರೇನ್ರಿ?"

"ಹಾಕದಿದ್ರ ಬಿಡತೈತೇನ?"

"ಬಾಗಲದಾಗ ಹಿಡದಾಗ ಹಾಕಿದ್ರ ಬಾಗಲದಾಗ ಹಿಡೀತೈತ್ರಿ. ನಾ ಕಲಿಸಿದ್ದು ಅರ್ಧಾರಿ. ಉಳದರ್ಧಾ ನೀವ ಪಗಾರ ಕೊಟ್ಟು ಕಲಿಸೀರಿ."

ಎಷ್ಟು ರೊಟ್ಟಿ ಬಡಿದು ನಾನು ಆ ನಾಯಿಗೆ ಈ ವಿದ್ಯೆ ಕಲಿಸಿದೆನೆಂದು ಲೆಕ್ಕ ಹಾಕುವ ಧೈರ್ಯ ಆಗಲಿಲ್ಲ. ಲಕ್ಕಪ್ಪ ತನ್ನ ಹೆಗಲ ಹಳೇ ಕಂಬಳಿಯಿಂದ ಒಂದು ತುಂಡು ಹರಿದು ಗೋದಲಿಯ ಪಕ್ಕಕ್ಕೆ ಹಾಸಿದ. ಕುರಿ ವಾಸನೆ ಓಣಿಗೆಲ್ಲ ಹರಡಿತು. ನಾಲಿಗೆಯಿಂದ ಟಕ್ ಟಕ್ ಎಂದ. ಹಂಡ್ಯಾ ಹೋಗಿ ಅದರ ಮೇಲೆ ಮಲಗಿತು.

"ಕುರುಬ ಕಂಬಳಿ ಹಾಸಿದಾ ಅಂದ್ರ ಹಟ್ಟಿ ಕಾವಲಾ ಅವಂದು, ನಾಯಿಗೆ ಬಿಡುವು. ಇದರ ಮ್ಯಾಲ ಇದ್ದಾಗ ಅಷ್ಟ ರೊಟ್ಟಿ ಹಾಕ್ರಿ. ಎದ್ದು ಬಂದ್ರ ಚೂರೂ ಇಲ್ಲ. ಗಂಟಿ ಸಪ್ಪಳಕ್ಕೂ ರೂಢಿ ಮಾಡ್ರಿ."

ಗಂಟೆ ಸಪ್ಪಳಕ್ಕೆ ರೂಢಿ ಮಾಡಬೇಕೆಂದರೆ ಗಂಟೆ ಕಟ್ಟಿಕೊಂಡು ಯಾರಾದರೂ ನಡೆಯಬೇಕು. ಯಾರು? ಮನೆಯಲ್ಲಿ ಕೆಲಸವಿಲ್ಲದವಳು ನಾನೊಬ್ಬಳೇ ಅಲ್ಲವೆ. ಎತ್ತಿನ ಕೊರಳಿನ ಗಂಟೆ ಬಿಚ್ಚಿ ಮೊಣಕಾಲ ಕೆಳಗೆ ಕಟ್ಟಿಕೊಂಡೆ. ಹಳೇ ಧೋತರವನ್ನು ಜೋಳಿಗೆ ಮಾಡಿ ಹೆಗಲಿಗೆ ಹಾಕಿದೆ, ಅದರಲ್ಲಿ ನಾಯಿಯ ರೊಟ್ಟಿ. ಕೋಲು ಹಿಡಿದೆ. ಶಿವನೇ, ಇದು ಅಣಕವಲ್ಲ, ನೀನೇ ಬಲ್ಲೆ ಎಂದು ಕೈಮುಗಿದು, ಹೊಸ್ತಿಲಿನಿಂದ ಹೊರಬಾಗಿಲಿಗೆ ನಡೆಯತೊಡಗಿದೆ. ಹಂಡ್ಯಾ ಎದ್ದರೆ ತಿರುಗಿ ಕಂಬಳಿಗೆ ಕಳಿಸುವುದು. ಮಲಗಿದ್ದರೆ ಹೋಗಿ ಜೋಳಿಗೆಯಿಂದ ಒಂದು ಚೂರು ಕೊಡುವುದು. ಮತ್ತೆ ನಡೆಯುವುದು. ಗೋಡೆಯ ಮೇಲಿಂದ ನೀಲವ್ವ ತಲೆ ಹಾಕಿದಳು.

"ಏನ ಪಾರವ್ವಾ, ಮಠಾ ಸೇರಿದೇನ?"

"ಇನ್ನೂ ಇಲ್ಲವಾ. ಈ ನಾಯಿ ಹೊರಗ ಬಿಟ್ಟ ದಿನಾ ಸೇರತೀನಿ."

ಅತ್ತೆ ಮಠದಿಂದ ತಿರುಗಿ ಬಂದದ್ದು ನನಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ನೋಡಿದರೋ. ಈಗ ಬೈಗುಳದ ಮಳೆ ಎಂದುಕೊಂಡೆ. ಅವರು ಕಂಬಕ್ಕೆ ಕೈ ಕೊಟ್ಟು ಕುಳಿತು, "ಅಯ್ಯಾರ ಹಿಂಗ ದಬದಬ ನಡಿಯಂಗಿಲ್ಲ. ಸಾವಕಾಶ ನಡಿ. ನಾಯಿಗೆ ಗುರುತ ಹತ್ತಬೇಕಲ್ಲ" ಎಂದರು.

ಹತ್ತು ದಿನ ನಾನು ಮುಂಜಾನೆ ಅಯ್ಯನವರಾಗಿ, ಉಳಿದ ಹೊತ್ತು ಸೊಸೆಯಾಗಿ ಬದುಕಿದೆ. ಮೊಣಕಾಲ ಕೆಳಗೆ ಗಂಟೆಯ ದಾರ ಉಜ್ಜಿ ಗಾಯವಾಯಿತು. ಹಂಡ್ಯಾ ಕಲಿಯಿತು. ಗಂಟೆ ಕೇಳಿದರೆ ಓಡಿ ಹೋಗಿ ಕಂಬಳಿಯ ಮೇಲೆ ಮಲಗಿ ನನ್ನ ಮುಖ ನೋಡುವಷ್ಟು ಕಲಿಯಿತು. ಇನ್ನೆರಡು ದಿನ ನೋಡಿ ಅಯ್ಯನವರಿಗೆ ಹೇಳಿಕಳಿಸೋಣ ಎನ್ನುವಷ್ಟರಲ್ಲಿ ಅತ್ತೆ ಮಠದ ದಾರಿಯಲ್ಲಿ ತಲೆ ತಿರುಗಿ ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತರು. ನೀಲವ್ವನೂ ನಾನೂ ಕರೆದುಕೊಂಡು ಬಂದು ಮಲಗಿಸಿದೆವು. ನೀರು ಕುಡಿಸಲು ಹೋದರೆ ಬಾಯಿ ಬಿಗಿಹಿಡಿದರು. ರೊಟ್ಟಿ ಇನ್ನೂ ಸೆರಗಿನಲ್ಲಿಯೇ ಇತ್ತು, ನೀಡಿರಲಿಲ್ಲ.

ಅದನ್ನು ಹಾಗೇ ತೆಗೆದುಕೊಂಡು ನಾನು ಮಠಕ್ಕೆ ಹೋದೆ. ಓಡಿದೆ ಎಂದರೂ ನಡೆದೀತು. ಅಯ್ಯನವರು ಜಗಲಿಯ ಮೇಲೆ ಕುಳಿತು ವಿಭೂತಿ ಗಟ್ಟಿ ಒಣಹಾಕುತ್ತಿದ್ದರು. ನನ್ನ ಮನಸ್ಸಿನಲ್ಲಿ ಬಿರುಸು ಮಾತು ಬಹಳ ಇದ್ದವು, ಬಂದದ್ದು ಇಷ್ಟೇ.

"ಅಯ್ಯಾರ, ಇವತ್ತ ಅತ್ತಿ ಬರಾಕಾಗಲಿಲ್ಲರಿ. ದಾರ್ಯಾಗ ಬಿದ್ದಾರ."

"ಯಾಕವಾ? ಏನಾತು?"

"ಖಾಲಿ ಹೊಟ್ಟಿ, ಬಿಸಲು. ವಯಸ್ಸೆಷ್ಟರಿ ಅವರದು?"

ಅಯ್ಯನವರ ಕೈ ನಿಂತಿತು. "ಖಾಲಿ ಹೊಟ್ಟಿ? ಉಂಡು ಬರತಿದ್ದಿಲ್ಲೇನು?"

"ನಿಮಗ ನೀಡೂ ಮಟಾ ಅವರು ಎಂದ ಉಂಡಾರ್ರಿ?"

ಅವರಿಗೆ ಗೊತ್ತೇ ಇರಲಿಲ್ಲ. ಮನೆಗೆ ಬರುವಾಗ ಹೊತ್ತು ಏರಿರುತ್ತಿರಲಿಲ್ಲ, ಅತ್ತೆ ಆಮೇಲೆ ಉಣ್ಣುತ್ತಾರೆಂಬುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆ ಹೇಳಿಕೊಳ್ಳುವವರಲ್ಲ. ನಾವು ಹೇಳುವುದಂತೂ ದೂರ. ಇಷ್ಟು ವರ್ಷದ ವ್ರತ, ಅದು ಯಾರ ಸಲುವಾಗಿ ನಡೆದಿತ್ತೋ ಅವರಿಗೇ ತಿಳಿಯದೆ ನಡೆದಿತ್ತು.

"ನಾ ನಾಯಿಗೆ ಅಂಜಿ ಬಿಟ್ಟಿಲ್ಲ ಪಾರವ್ವಾ" ಎಂದರು, ಜಂಗು ಕಟ್ಟಿಕೊಳ್ಳುತ್ತ. "ಆ ಕಟ್ಟಿ ಮ್ಯಾಲಿನ ಮಂದಿ ಈಗೂ ನಾ ಹಾದು ಹೋದ್ರ ಬ್ಯಾ ಅಂತಾರ. ಕಾವಿ ಹಾಕಿದ ಮ್ಯಾಲ ಇವೆಲ್ಲಾ ಹತ್ತಬಾರದು. ಹತ್ತತಾವ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ನಾಯಿಗೆ ಕಂಬಳಿ ಕಲಿಸಿದ್ದೇನೆ, ಇನ್ನು ಹಿಡಿಯುವುದಿಲ್ಲ ಎಂದು ಧೈರ್ಯ ಹೇಳಿದೆ. ಸೆರಗಿನ ರೊಟ್ಟಿ ಮಠದಲ್ಲಿ ತೆಗೆದುಕೊಳ್ಳಲಿಲ್ಲ. "ಮನಿಗೆ ನಡಿ, ಅಲ್ಲೇ ಅವರ ಕೈಲೇ ತಗೋತೀನಿ" ಎಂದರು. ಕಟ್ಟೆಯ ಮಂದಿ ಸುಮ್ಮನಿದ್ದರು. ನಾನು ಅವರ ಕಡೆ ಅತ್ತೆಯ ಹಾಗೆ ಕಣ್ಣು ಬಿಟ್ಟದ್ದು ಫಲಿಸಿತೆಂದು ಇಂದಿಗೂ ನಂಬಿದ್ದೇನೆ.

ಗಂಟೆ ಕೇಳಿ ಹಂಡ್ಯಾ ಓಡಿಹೋಗಿ ಕಂಬಳಿಯ ಮೇಲೆ ಮಲಗಿತು. ನನ್ನ ಎದೆ ಉಬ್ಬಿತು. ಅತ್ತೆಯನ್ನು ಇಬ್ಬರು ಹಿಡಿದು ಹೊಸ್ತಿಲಿಗೆ ತಂದೆವು, ರೊಟ್ಟಿ ನೀಡಿದರು, ಬಗ್ಗಲು ಹೋದರೆ ಅಯ್ಯನವರು ಬೇಡವೆಂದು ಕೈ ಹಿಡಿದರು. ಅತ್ತೆ ಕಣ್ಣು ಮುಚ್ಚಿ ಕಂಬಕ್ಕೆ ಒರಗಿ ಕುಳಿತರು. ಅಯ್ಯನವರು ತಿರುಗಿ ಬಾಗಿಲ ಕಡೆ ನಡೆದರು. ಗಂಟೆ ಸಪ್ಪಳ ಮಾಡಿತು. ಹಂಡ್ಯಾ ಒಮ್ಮೆ ನನ್ನನ್ನು ನೋಡಿತು, ಒಮ್ಮೆ ಅವರನ್ನು ನೋಡಿತು, ಎದ್ದು ಕುಂಟುತ್ತ ಹೋಗಿ ಕಾವಿಯ ಅಂಚು ಹಿಡಿಯಿತು.

ನಾನು ಬುಟ್ಟಿಯಿಂದ ರೊಟ್ಟಿ ತೆಗೆದು ಕಂಬಳಿಯ ಮೇಲೆ ಎಸೆದೆ. ಅದು ತಿರುಗಿಯೂ ನೋಡಲಿಲ್ಲ. ಅಯ್ಯನವರ ಜೋಳಿಗೆಯನ್ನೇ ನೋಡುತ್ತಿತ್ತು. ಆಗ ನನಗೆ ಹೊಳೆಯಿತು, ಹಣೆ ಹಣೆ ಬಡಿದುಕೊಳ್ಳುವಂತಾಯಿತು. ಹತ್ತು ದಿನ ಗಂಟೆ ಕಟ್ಟಿಕೊಂಡವಳೂ ನಾನೇ, ಜೋಳಿಗೆಯಿಂದ ರೊಟ್ಟಿ ಕೊಟ್ಟವಳೂ ನಾನೇ. ಗಂಟೆ ಕಟ್ಟಿದವರು ಕೊಡುವವರೆಂದು ನಾಯಿಗೆ ಕಲಿಸಿದ್ದೆ. ಲೋಕದಲ್ಲಿ ಗಂಟೆ ಕಟ್ಟಿದವರು ತೆಗೆದುಕೊಳ್ಳುವವರು. ಮೂಕ ಪ್ರಾಣಿ ಈ ಭೇದವನ್ನು ಎಲ್ಲಿಂದ ತಿಳಿಯಬೇಕು? ನಾನೇ ಮರೆತಿದ್ದೆ.

"ಅಯ್ಯಾರ, ತಪ್ಪಾತ್ರಿ" ಎಂದು ನಾನು ತೊದಲುತ್ತ ಎಲ್ಲ ಹೇಳಿದೆ, ಎತ್ತಿನ ಗಂಟೆಯನ್ನೂ ಧೋತರದ ಜೋಳಿಗೆಯನ್ನೂ ಮುಚ್ಚಿಡದೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಅಯ್ಯನವರು ನಾಯಿಯನ್ನು ನೋಡಿದರು. ಆಮೇಲೆ ಜೋಳಿಗೆಯಲ್ಲಿ ಕೈ ಹಾಕಿದರು.

ಅತ್ತೆ ಕಂಬ ಹಿಡಿದುಕೊಂಡು ಎದ್ದರು. "ಬ್ಯಾಡ್ರಿ ಅಯ್ಯಾರ. ಜೋಳಿಗ್ಯಾಗ ಬಿದ್ದದ್ದು ಹೊಳ್ಳಿ ಈ ಮನಿಗೆ ಬರಬಾರದ್ರಿ."

"ಹೊಳ್ಳಿ ನಿಮಗ ಬರಾಕತ್ತಿಲ್ಲ ತಾಯಿ. ಮುಂದಿನ ಮನಿಗೆ ಹೊಂಟೈತಿ" ಎಂದರು ಅವರು. ಆಗಷ್ಟೇ ನೀಡಿದ ರೊಟ್ಟಿಯಲ್ಲಿ ಒಂದು ಚೂರು ಮುರಿದು, ನಾಯಿಯನ್ನು ಎಳೆದುಕೊಂಡೇ ಗೋದಲಿಯ ತನಕ ನಡೆದು, ಬಗ್ಗಿ ಕಂಬಳಿಯ ಮೇಲೆ ಇಟ್ಟರು. ಟಕ್ ಟಕ್ ಎಂದು ನಾನು ನಾಲಿಗೆ ಬಡಿದೆ. ಹಂಡ್ಯಾ ಕಾವಿ ಬಿಟ್ಟು, ಮಲಗಿ, ಮುಂಗಾಲುಗಳ ನಡುವೆ ಚೂರನ್ನು ಹಿಡಿದು ತಿನ್ನತೊಡಗಿತು. ಅಯ್ಯನವರು ಹೊಸ್ತಿಲು ದಾಟಿದರು, ಓಣಿಗೆ ಇಳಿದರು. ಗಂಟೆ ಎದುರಿನ ಕಟ್ಟೆ ದಾಟಿ, ತಿರುವು ದಾಟಿ, ಕೇಳದಂತಾಯಿತು. ಹಂಡ್ಯಾ ಕಿವಿ ಮಾತ್ರ ಎತ್ತಿತ್ತು.

ಅತ್ತೆಗೆ ತಾಟು ಹಾಕಿದೆ. ಮೂರು ವಾರದ ಮೇಲೆ ಅವರು ಮನೆಯಲ್ಲೇ ಭಿಕ್ಷೆ ನೀಡಿ ಊಟಕ್ಕೆ ಕುಳಿತದ್ದು ಅಂದು. ನಾನು ದಿನದಂತೆ ಒಂದೇ ರೊಟ್ಟಿ ಹಾಕಿ, ಅದರಲ್ಲಿಯೂ ಅರ್ಧ ಉಳಿಯುತ್ತದೆಂದು ತಿಳಿದು, ಹಂಚು ಕೆಳಗಿಳಿಸಿ, ಒಲೆಯ ಕೆಂಡ ಹಿಂದಕ್ಕೆಳೆದು, ಹಿಟ್ಟಿನ ಪರಾತ ತೊಳೆದು ಬೋರಲು ಹಾಕಿ ಕುಳಿತಿದ್ದೆ. ಮುಂಜಾನೆಯಿಂದ ನಾನೂ ಏನೂ ತಿಂದಿರಲಿಲ್ಲ, ಅದನ್ನು ಕೇಳುವವರು ಯಾರು.

ಅತ್ತೆ ಪುಂಡಿಪಲ್ಲೆ ಬಳಿದು ಕೊನೆಯ ತುತ್ತು ಮುಗಿಸಿದರು. ತಾಟು ನನ್ನ ಕಡೆ ಸರಿಸಿದರು.

"ಇನ್ನೊಂದ ಹಾಕ" ಎಂದರು.

ಬುಟ್ಟಿಯಲ್ಲಿ ಇರಲಿಲ್ಲ. ನಾನು ಪರಾತ ಮಗುಚಿ, ಹಿಟ್ಟು ಹಾಕಿ, ಹಂಚನ್ನು ಮತ್ತೆ ಒಲೆಗೇರಿಸಿದೆ.